ಅಂಗಡೀಲಿ ಫ್ರಿಜ್ ವಿಚಾರಿಸಿ ಹೋದ ಗಿರಾಕಿಗಳು ಮತ್ತೆ ಬರ್ತಿಲ್ಲ ಅಂತ ನೀವು ಅಂದಿದ್ದಕ್ಕೆ
ಬಹುಶಃ ಬೆಲೆಗಿಂತ ಅಳುಕೇ ಕಾರಣ. ಸೋಪು ಹಿಡಿಸದಿದ್ದರೆ ತಿಂಗಳಲ್ಲಿ ಮುಗಿಯುತ್ತೆ. ಫ್ರಿಜ್ ತಪ್ಪಾದರೆ ಹತ್ತು ವರ್ಷ ಮನೆಯವರ ಮಾತು ಕೇಳಬೇಕು. 'ಇವತ್ತೇ ಕೊನೆ ಆಫರ್' ಅನ್ನೋದನ್ನ ಮೊದಲು ಬಿಡಿ, ಅನುಮಾನ ಹೆಚ್ಚುತ್ತೆ ಅಷ್ಟೆ. ಮನೇಲಿ ಎಷ್ಟು ಜನ ಅಂತ ಕೇಳಿ, ಎರಡೇ ಮಾಡೆಲ್ ತೋರಿಸಿ. ಆಮೇಲೆ ಫ್ರಿಜ್ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಅಂತ ನೋಡಿ ಅವರೆದುರೇ ಲೆಕ್ಕ ಹಾಕಿ: ಒಂದು 250, ಇನ್ನೊಂದು 180 ಇದ್ದರೆ, ಯೂನಿಟ್ಟಿಗೆ 7 ರೂಪಾಯಿಯಂತೆ ವರ್ಷಕ್ಕೆ 490 ಉಳಿತಾಯ. ನನ್ನ ಅಂಗಡೀಲಿ ಕೆಲಸ ಮಾಡಿದ್ದು ಈ ಲೆಕ್ಕದ ಚೀಟಿಯೇ. ವಾರಂಟಿ ವಿವರವನ್ನೂ ಬರೆದು ಕೈಗೆ ಕೊಡಿ; ಮನೇಲಿ ತೋರಿಸೋಕೆ ಅವರಿಗೂ ಏನಾದರೂ ಬೇಕಲ್ಲ. ಆನ್‌ಲೈನ್ ಬೆಲೆ ತೀರಾ ಕಮ್ಮಿ ಇದ್ದರೆ ಇದು ಸಾಲದೇ ಹೋಗಬಹುದು, ಅದನ್ನ ಇವತ್ತೇ ನೋಡ್ಕೊಳ್ಳಿ. ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ, ಒಂದೇ.