ನ್ಯೂಪೋರ್ಟ್‌ನಲ್ಲೇ ಗಾಡಿ ನಿಲ್ಲಿಸಿ

ಪ್ರಶ್ನೆ: ನನಗೆ 66, ಯಜಮಾನರಿಗೆ 70. ಇಬ್ಬರೂ ನಿವೃತ್ತರು. ಗ್ರೀನ್ ಕಾರ್ಡ್ ಇದೆ, ಪೋರ್ಟ್‌ಲ್ಯಾಂಡ್‌ನಲ್ಲಿ ಮಗನ ಜೊತೆ ಇದ್ದೇವೆ. ಯಜಮಾನರಿಗೆ ಈಗ ಆರ್‌ವಿ ಹುಚ್ಚು ಹತ್ತಿದೆ, ಅದೇ ಒಳಗೇ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲ ಇರುವ ಗಾಡಿ. ಒಂದು ಕೊಂಡುಕೊಂಡು, ಆಸ್ಟೋರಿಯಾದಿಂದ ಸ್ಯಾನ್ ಡಿಯಾಗೋ ತನಕ ಹತ್ತು ದಿನದಲ್ಲಿ ಕಡಲ ಪಕ್ಕವೇ ಹೋಗಿಬರೋಣ ಅನ್ನುತ್ತಾರೆ. ನನಗೂ ತಿಮಿಂಗಿಲ, ಕಡಲಸಿಂಹ ನೋಡುವ ಆಸೆ. ಆದರೆ ಮಂಡಿನೋವು ಇದೆ. ಆ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಕೆಲಸ ನೆನೆಸಿಕೊಂಡರೇ ಹೆದರಿಕೆ. ಏನು ಮಾಡಲಿ?
— ಓದುಗಿ, ಪೋರ್ಟ್‌ಲ್ಯಾಂಡ್

ಉತ್ತರ: ಹೋಗಿ. ಆದರೆ ಸ್ಯಾನ್ ಡಿಯಾಗೋಗೆ ಬೇಡ. ಒರೆಗಾನ್ ತೀರದ ನ್ಯೂಪೋರ್ಟ್‌ಗೆ ಹೋಗಿ, ಅಲ್ಲೇ ಒಂದು ವಾರ ಗಾಡಿ ನಿಲ್ಲಿಸಿ.

ನಿಮ್ಮ ಯಜಮಾನರು ಹೇಳುತ್ತಿರುವುದು ಹೋಗುವುದಕ್ಕೇ ಸಾವಿರ ಮೈಲಿಗೂ ಜಾಸ್ತಿ. ಕಾರಿನಲ್ಲಾದರೆ ಸರಿ. ಆರ್‌ವಿಯಲ್ಲಿ ದಿನಾ ಬೆಳಗ್ಗೆ ಕರೆಂಟಿನ ಕೇಬಲ್ ಬಿಚ್ಚಬೇಕು, ನೀರಿನ ಪೈಪ್ ಸುತ್ತಿಡಬೇಕು, ಕಪಾಟಿನ ಬಾಗಿಲುಗಳೆಲ್ಲ ಮುಚ್ಚಿವೆಯಾ ನೋಡಬೇಕು. ಸಂಜೆ ಮತ್ತೆ ಅದೆಲ್ಲ ಜೋಡಿಸಬೇಕು, ಚಕ್ರದ ಕೆಳಗೆ ಹಲಗೆ ಕೊಟ್ಟು ಗಾಡಿ ಮಟ್ಟ ಮಾಡಬೇಕು. ಕಡಲು ನೋಡುವುದು ಯಾವಾಗ? ಮೇಲಾಗಿ ಕ್ಯಾಲಿಫೋರ್ನಿಯಾದ ಬಿಗ್ ಸುರ್ ಕಡೆ ಹೈವೇ 1 ಕಿರಿದು, ತಿರುವು ಜಾಸ್ತಿ. ಗುಡ್ಡ ಕುಸಿದು ಆಗಾಗ ಮುಚ್ಚುತ್ತದೆ ಕೂಡ. ಮಾಂಟೆರಿಯ ಅಕ್ವೇರಿಯಂ ಖಂಡಿತ ನೋಡಬೇಕಾದ್ದೇ. ಹಳೇ ಮೀನು ಡಬ್ಬಿ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಶುರುವಾದದ್ದು. ಅಲ್ಲಿನ ಕೆಲ್ಪ್ (ದೊಡ್ಡ ಕಡಲಪಾಚಿ) ಕಾಡಿನ ತೊಟ್ಟಿಯೇ 28 ಅಡಿ ಎತ್ತರ. ಅದಕ್ಕೆ ಇನ್ನೊಂದು ಸಲ ವಿಮಾನ ಹತ್ತಿ.

ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಬಾಡಿಗೆಗೆ ತಗೊಳ್ಳಿ. 25 ಅಡಿ ಒಳಗಿನ ಕ್ಲಾಸ್ ಸಿ, ಅಂದರೆ ವ್ಯಾನಿನ ಅಡಿಗಟ್ಟಿನ ಮೇಲೆ ಕಟ್ಟಿದ ಮಧ್ಯಮ ಗಾತ್ರದ ಗಾಡಿ, ನಿಮ್ಮಿಬ್ಬರಿಗೆ ಸಾಕು. ಬಾಡಿಗೆಯವರು ಮೈಲಿಗೆ ಬೇರೆ, ಜನರೇಟರ್ ಓಡಿಸಿದ ಗಂಟೆಗೆ ಬೇರೆ ದುಡ್ಡು ಕೇಳಬಹುದು. ಒಂದೇ ಕಡೆ ನಿಂತರೆ ಎರಡೂ ಉಳಿಯುತ್ತದೆ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರಿಗೇ ಅಂಟಿಸಿ. ಪೆಟ್ರೋಲ್ ಬಂಕಿನ ಚಾವಣಿ ಕಂಡಾಗ ಅದು ಬೇಕಾಗುತ್ತದೆ.

ನ್ಯೂಪೋರ್ಟ್ ಆಸುಪಾಸಿನಲ್ಲಿ ಎರಡು ಸ್ಟೇಟ್ ಪಾರ್ಕ್‌ಗಳಿವೆ. ದಕ್ಷಿಣಕ್ಕೆ ಸೌತ್ ಬೀಚ್, ಉತ್ತರಕ್ಕೆ ಬೆವರ್ಲಿ ಬೀಚ್. ನಿಮಗೆ ನಾನು ಹೇಳುವುದು ಬೆವರ್ಲಿ ಬೀಚ್. ಹೈವೇ 101ರ ಸೇತುವೆ ಕೆಳಗೇ ನಡೆದುಕೊಂಡು ಮರಳಿಗೆ ಇಳಿಯಬಹುದು, ಮಂಡಿಗೆ ತೊಂದರೆಯಿಲ್ಲ. ಕೆಲವು ಸೈಟ್‌ಗಳಿಗೆ (ಗಾಡಿ ನಿಲ್ಲಿಸುವ ಜಾಗಗಳಿಗೆ) ಫುಲ್ ಹುಕ್‌ಅಪ್ ಇದೆ. ಅಂದರೆ ಕರೆಂಟು, ನೀರು, ಕೊಳಚೆ ಪೈಪು ಮೂರೂ ನಿಮ್ಮ ಗಾಡಿಯ ಪಕ್ಕದಲ್ಲೇ. ಒರೆಗಾನ್ ಸ್ಟೇಟ್ ಪಾರ್ಕ್‌ಗಳಲ್ಲಿ ಆರು ತಿಂಗಳು ಮೊದಲೇ ಬುಕ್ ಮಾಡಬಹುದು. ಜುಲೈ, ಆಗಸ್ಟ್ ಬೇಕಿದ್ದರೆ ಬುಕಿಂಗ್ ತೆರೆದ ದಿನವೇ ಕೂತು ಹಿಡಿಯಿರಿ.

ಇನ್ನು ಆ ಟ್ಯಾಂಕ್. ಎರಡಿರುತ್ತವೆ. ಟಾಯ್ಲೆಟ್‌ದು ಬ್ಲ್ಯಾಕ್ ಟ್ಯಾಂಕ್, ಸಿಂಕು ಮತ್ತು ಸ್ನಾನದ್ದು ಗ್ರೇ ಟ್ಯಾಂಕ್. ಫುಲ್ ಹುಕ್‌ಅಪ್ ಇದೆ ಅಂತ ಬ್ಲ್ಯಾಕ್‌ನ ವಾಲ್ವ್ ಸದಾ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿಯದು ಒಳಗೇ ಕೂರುತ್ತದೆ. ಮುಕ್ಕಾಲು ತುಂಬುವ ತನಕ ಮುಚ್ಚಿಡಿ. ಆಮೇಲೆ ಮೊದಲು ಬ್ಲ್ಯಾಕ್ ಬಿಡಿ, ನಂತರ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿದರೆ ಕೆಲವೇ ನಿಮಿಷದ ಕೆಲಸ. ನಮ್ಮಲ್ಲಿ ಅದು ಯಜಮಾನರ ಪಾಲು. ಗಾಡಿ ಬೇಕು ಅಂದವರು ಅವರು, ಅಲ್ವಾ? ನಿಮ್ಮಲ್ಲೂ ಹಾಗೇ ಮಾತಾಡಿಕೊಳ್ಳಿ. ಪಾರ್ಕಿನಲ್ಲೇ ಬಿಸಿನೀರಿನ ಸ್ನಾನದ ಮನೆ ಇದೆ, ಅದನ್ನು ಬಳಸಿದರೆ ಟ್ಯಾಂಕ್ ಬೇಗ ತುಂಬುವುದೂ ಇಲ್ಲ. ಹಾಂ, ಒಗ್ಗರಣೆ ಮಾತ್ರ ಒಳಗೆ ಹಾಕಬೇಡಿ. ಸಾಸಿವೆ ಸಿಡಿಯುವ ಮೊದಲೇ ಹೊಗೆ ಅಲಾರಂ ಕೂಗುತ್ತದೆ. ಹೊರಗಿನ ಪಿಕ್ನಿಕ್ ಮೇಜಿನ ಮೇಲೆ ಸಣ್ಣ ಒಲೆ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಾಣಿಗಳ ವಿಷಯ. ಇದಕ್ಕೇ ನಾನು ನ್ಯೂಪೋರ್ಟ್ ಅಂದದ್ದು. ಊರಿನ ಬೇಫ್ರಂಟ್‌ನಲ್ಲಿ ಕಡಲಸಿಂಹಗಳು ತೇಲುವ ಕಟ್ಟೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಹೆಚ್ಚಿನವು ಗಂಡು, ಸುಮ್ನೆ ಜಗಳ. ಟಿಕೆಟ್ ಇಲ್ಲ, ಮೆಟ್ಟಿಲಿಲ್ಲ. ನನಗೆ ಅಲ್ಲಿಂದ ಎದ್ದು ಬರಲು ಮನಸ್ಸೇ ಆಗುವುದಿಲ್ಲ. ಸೇತುವೆ ದಾಟಿದರೆ ಒರೆಗಾನ್ ಕೋಸ್ಟ್ ಅಕ್ವೇರಿಯಂ. ಅದರ ಗಾಜಿನ ಸುರಂಗದಲ್ಲಿ ನಡೆದರೆ ತಲೆಯ ಮೇಲೆ ಶಾರ್ಕ್ ಈಜುತ್ತದೆ. ಸಿನಿಮಾದಲ್ಲಿ ನಟಿಸಿ ಹೆಸರಾದ ಕೈಕೋ ಎಂಬ ಓರ್ಕಾವನ್ನು 1996ರಿಂದ 1998ರವರೆಗೆ ಇಟ್ಟಿದ್ದ ತೊಟ್ಟಿ ಅದು. ಹತ್ತಿರದಲ್ಲೇ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಹ್ಯಾಟ್‌ಫೀಲ್ಡ್ ಕೇಂದ್ರವಿದೆ. ಚಿಕ್ಕದು, ಗದ್ದಲ ಕಡಿಮೆ. ಕಡಲ ಜೀವಿಗಳನ್ನು ಮುಟ್ಟಿ ನೋಡಬಹುದು. ಒಂದನ್ನೇ ನೋಡುವುದಾದರೆ ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಯಾಕ್ವಿನಾ ಹೆಡ್‌ಗೆ ಎರಡು ಸಲ ಹೋಗಿ, ಅದು ನ್ಯೂಪೋರ್ಟ್‌ನ ಉತ್ತರಕ್ಕೆ ಕಡಲಿಗೆ ಚಾಚಿದ ಗುಡ್ಡ. ಒಮ್ಮೆ ದೀಪಸ್ತಂಭಕ್ಕೆ. 1873ರಲ್ಲಿ ಮೊದಲು ಬೆಳಗಿದ್ದು, 93 ಅಡಿ ಎತ್ತರ. ಬೇಸಿಗೆಯ ಮೊದಲರ್ಧದಲ್ಲಿ ಎದುರಿನ ಬಂಡೆ ತುಂಬ ಮರ್ ಎಂಬ ಕಡಲಹಕ್ಕಿಗಳು ಮೊಟ್ಟೆ ಇಟ್ಟು ಕೂತಿರುತ್ತವೆ. ಇನ್ನೊಮ್ಮೆ ಇಳಿತದ ಹೊತ್ತಿಗೆ, ಬಂಡೆಯ ಗುಂಡಿಗಳಲ್ಲಿ ಉಳಿದ ಕಡಲ ಜೀವಿಗಳನ್ನು ನೋಡಲು, ಕೆಳಗಿನ ಕಾಬಲ್ ಬೀಚ್‌ಗೆ. ಇಲ್ಲಿ ಮಾತ್ರ ಮೆಟ್ಟಿಲು ತುಂಬ, ಕೆಳಗೆ ಉರುಳು ಕಲ್ಲು. ಮಂಡಿ ಒಪ್ಪದಿದ್ದರೆ ಯಜಮಾನರನ್ನು ಕಳಿಸಿ, ನೀವು ಮೇಲಿನಿಂದ ದುರ್ಬೀನಿನಲ್ಲಿ ಸೀಲ್‌ಗಳನ್ನು ನೋಡಿ. ನಮ್ಮವರು ಉಬ್ಬರ ಇಳಿತದ ಪಟ್ಟಿಯನ್ನು ಪಂಚಾಂಗದ ಹಾಗೆ ಫ್ರಿಜ್ ಬಾಗಿಲಿಗೆ ಅಂಟಿಸಿರುತ್ತಾರೆ. ನಮ್ಮ ಊಟ, ನಿದ್ದೆ ಎಲ್ಲ ಅದರ ಪ್ರಕಾರವೇ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ನೀರು ತುಂಬ ಕೆಳಗಿಳಿಯುವುದು ಬೆಳಗಿನ ಹೊತ್ತು. ಇಳಿತಕ್ಕೆ ಒಂದು ಗಂಟೆ ಮೊದಲೇ ಇಳಿದು, ನೀರು ತಿರುಗಿದೊಡನೆ ಮೇಲೆ ಬನ್ನಿ. ಹತ್ತು ದಿನದ ಓಟದಲ್ಲಿ ಇದು ಸಿಗುವುದಿಲ್ಲ. ನೀವು ಬಂದ ಗಂಟೆಯಲ್ಲಿ ಕಡಲು ತುಂಬಿರುತ್ತದೆ, ಬಂಡೆಯ ಗುಂಡಿಗಳೆಲ್ಲ ಮುಳುಗಿರುತ್ತವೆ.

ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ. ಇಲ್ಲಿ ಹೇಳದೆ ಕೇಳದೆ ದೊಡ್ಡ ಅಲೆ ನುಗ್ಗುತ್ತದೆ. ನೀರಂಚಿನ ಮರದ ದಿಮ್ಮಿಯ ಮೇಲೆ ಕೂರಲೇಬೇಡಿ. ಸ್ವಲ್ಪ ನೀರು ಬಂದರೂ ದಿಮ್ಮಿ ಉರುಳುತ್ತದೆ, ಜನ ಸತ್ತಿದ್ದಾರೆ.

ತಿಮಿಂಗಿಲಕ್ಕೆ ಡೆಪೋ ಬೇ. ಬೆವರ್ಲಿ ಬೀಚ್‌ನಿಂದ ಉತ್ತರಕ್ಕೆ ಸ್ವಲ್ಪ ದೂರ. ಹೈವೇ ಪಕ್ಕದ ಕಲ್ಲುಗೋಡೆ ಹಿಂದೆಯೇ ಕಡಲು. ಸ್ಟೇಟ್ ಪಾರ್ಕ್‌ನವರ ತಿಮಿಂಗಿಲ ವೀಕ್ಷಣಾ ಕೇಂದ್ರಕ್ಕೆ ದುಡ್ಡಿಲ್ಲ, ಎಲ್ಲಿ ನೋಡಬೇಕೆಂದು ಅವರೇ ತೋರಿಸುತ್ತಾರೆ. ಬೂದು ತಿಮಿಂಗಿಲಗಳಲ್ಲಿ ಕೆಲವು ಅಲಾಸ್ಕಾ ತನಕ ಹೋಗದೆ ಬೇಸಿಗೆಯಿಡೀ ಈ ತೀರದಲ್ಲೇ ಮೇಯುತ್ತವೆ.

ಇನ್ನೊಂದು ವಿಷಯ. 62 ದಾಟಿದ, ಗ್ರೀನ್ ಕಾರ್ಡ್ ಇರುವವರಿಗೂ ಫೆಡರಲ್ ಸರ್ಕಾರದ ಪಾರ್ಕುಗಳ ಪ್ರವೇಶಕ್ಕೆ ಸೀನಿಯರ್ ಪಾಸ್ ಸಿಗುತ್ತದೆ. 80 ಡಾಲರಿಗೆ ಜೀವಮಾನಕ್ಕೆ. ಯಾಕ್ವಿನಾ ಹೆಡ್, ಇನ್ನೂ ದಕ್ಷಿಣಕ್ಕಿರುವ ಕೇಪ್ ಪರ್ಪೆಟುವಾ ಎರಡರಲ್ಲೂ ನಡೆಯುತ್ತದೆ. ಸ್ಟೇಟ್ ಪಾರ್ಕ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ವಾದ ಮಾಡಬೇಡಿ.

ಪ್ರಶ್ನೆ: ಬೇಸಿಗೆಗೆ ಎಲ್ಲೂ ಸೈಟ್ ಸಿಗುತ್ತಿಲ್ಲ. ಚಳಿಗಾಲದಲ್ಲಿ ಆರ್‌ವಿ ತಗೊಂಡು ಹೋದರೆ ಏನಾದರೂ ಕಾಣುತ್ತಾ?
— ಓದುಗ, ಬೀವರ್ಟನ್

ಉತ್ತರ: ಕಾಣುತ್ತದೆ, ಮಳೆಯ ನಡುವೆ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಬೂದು ತಿಮಿಂಗಿಲಗಳು ಮೆಕ್ಸಿಕೋ ಕಡೆಗೆ ಸಾಲಾಗಿ ಇಳಿಯುತ್ತವೆ. ಫ್ಲಾರೆನ್ಸ್ ಹತ್ತಿರದ ಸೀ ಲಯನ್ ಕೇವ್ಸ್‌ಗೂ ಇದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೊರಗಿನ ಬಂಡೆಗಳ ಮೇಲಿರುವ ಸ್ಟೆಲ್ಲರ್ ಕಡಲಸಿಂಹಗಳು ಚಳಿಗೆ ಗುಹೆಯೊಳಗೆ ಬರುತ್ತವೆ. ಗುಹೆಗೆ ಲಿಫ್ಟ್‌ನಲ್ಲಿ ಇಳಿಯಬೇಕು, ಅದು ಓಡುತ್ತಿದೆಯಾ ಎಂದು ಫೋನ್ ಮಾಡಿ ಕೇಳಿ ಹೊರಡಿ. ಗಾಳಿ ಜೋರಿದ್ದ ದಿನ ಸೇತುವೆಗಳ ಮೇಲೆ ಗಾಡಿ ಎಳೆದಾಡುತ್ತದೆ, ಅಂಥ ದಿನ ಸೈಟ್‌ನಲ್ಲೇ ಇರಿ. ಪ್ರೊಪೇನ್ ಪೂರ್ತಿ ತುಂಬಿಸಿಕೊಳ್ಳಿ, ಹೀಟರ್ ರಾತ್ರಿಯಿಡೀ ಉರಿಯುತ್ತದೆ.