ಎಷ್ಟೋ ವರ್ಷ ಚರ್ಚ್ ಬಿಟ್ಟವರು ಮತ್ತೆ ಹೋಗುವುದು ಹೇಗೆ?

ಕಥೋಲಿಕ ಮನೆಯಲ್ಲಿ ಬೆಳೆದೆ, ಎಂಟು ವರ್ಷದಿಂದ ಪೂಜೆಗೆ ಹೋಗಿಲ್ಲ, ಈಗ ಹೋಗಬೇಕು ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ಆದರೆ ನಾಚಿಕೆ ಆಗುತ್ತಿದೆ, ನಂಬಿಕೆ ಉಳಿದಿದೆಯೋ ಇಲ್ಲವೋ ಅದೂ ಗೊತ್ತಿಲ್ಲ, ಪೂರ್ತಿ ನಂಬಿಕೆ ಬರುವವರೆಗೆ ಕಾಯಲೇ ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷ ಬಿಟ್ಟಿದ್ದವಳು. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ದೇವರ ಜೊತೆ ನನಗೆ ಯಾವ ಜಗಳವೂ ಆಗಿರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದೆ. ರಾತ್ರಿ ಪಾಳಿ, ಭಾನುವಾರ ಪೂರ್ತಿ ನಿದ್ದೆ. ಒಂದು ವಾರ ತಪ್ಪಿತು, ಆಮೇಲೆ ನಾಲ್ಕು ವಾರ. ಕೊನೆಗೆ ಕ್ರಿಸ್‌ಮಸ್‌ಗೂ ಹೋಗಲಿಲ್ಲ. ತೋಟದ ಕಾಲುದಾರಿಯಲ್ಲಿ ಎರಡು ಮಳೆಗಾಲ ಯಾರೂ ಓಡಾಡದಿದ್ದರೆ ಕಾಡು ಬೆಳೆದು ಮುಚ್ಚಿಕೊಳ್ಳುತ್ತದೆ ಅಲ್ವಾ, ಹಾಗೆ.

ಅಮ್ಮ ಒಂದು ಸಲವೂ ಬೈಯಲಿಲ್ಲ. ಪ್ರತಿ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚೆ, ಚರ್ಚಿನಲ್ಲಿ ಗರಿ ಕೊಡುವ ಗರಿಗಳ ಭಾನುವಾರ, ತನ್ನ ಗರಿಯ ಜೊತೆ ನನ್ನ ಹೆಸರಲ್ಲೂ ಒಂದು ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಮುಂದಿನ ವರ್ಷ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಶುರುವಾಗುವ ಮೊದಲು ಚರ್ಚಿನಲ್ಲಿ ಹಳೆಯ ಗರಿ ಕೇಳುತ್ತಾರೆ. ಅದನ್ನೇ ಸುಟ್ಟು ಹಣೆಗೆ ಹಚ್ಚುವ ಬೂದಿ ಮಾಡುವುದು. ಅಮ್ಮ ತನ್ನ ಗರಿ ಕೊಡುತ್ತಿದ್ದರು, ನನ್ನದನ್ನು ಕೊಡುತ್ತಿರಲಿಲ್ಲ. ಅವರಿಗೆ ಮಂಡಿನೋವು ಜಾಸ್ತಿಯಾಗಿ ನಾನು ಊರಿಗೆ ವಾಪಸ್ ಬಂದ ವರ್ಷ, ಸುಣ್ಣ ಬಳಿಯಲು ಪಟ ಇಳಿಸಿದೆ. ಒಣಗರಿಗಳು ನೆಲಕ್ಕೆ ಉದುರಿದವು. ಕೂತು ಎಣಿಸಿದೆ. ಹನ್ನೊಂದಿದ್ದವು. "ನೀನೇ ಕೊಡು ಅಂತ ಇಟ್ಟಿದ್ದೆ" ಅಂದರು ಅಮ್ಮ.

ಆದರೂ ನಮ್ಮ ಚರ್ಚಿಗೆ ಹೋಗಲು ಧೈರ್ಯ ಬರಲಿಲ್ಲ. ಅಲ್ಲಿ ಎಲ್ಲರೂ ಗುರುತಿನವರು. ಅದಕ್ಕೇ ಒಂದು ವಾರದ ದಿನ ಬೆಳಗ್ಗೆ ಬಸ್ ಹತ್ತಿ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋದೆ. ನಿಮಗೂ ಇದನ್ನೇ ಹೇಳುತ್ತೇನೆ: ಭಾನುವಾರ ಬೇಡ, ವಾರದ ದಿನದ ಪೂಜೆಗೆ ಹೋಗಿ. ಜನ ಕಡಿಮೆ. ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಪಾಪನಿವೇದನೆ, ಅಂದರೆ ಗುರುಗಳ ಹತ್ತಿರ ತಪ್ಪು ಹೇಳಿಕೊಳ್ಳುವುದು, ಆಗುವವರೆಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳದೆ ಕೂತಿರಬಹುದು, ಅದರಲ್ಲಿ ಅವಮಾನ ಏನೂ ಇಲ್ಲ.

ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಕಣ್ಣೀರೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಆ ಚರ್ಚಿನ ಕತೆ ಮಾತ್ರ ನೆನಪಾಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ, 1792ರಲ್ಲಿ ಅಲ್ಲಿ ಚರ್ಚ್ ಆಯಿತು. ಎಲ್ಲವನ್ನೂ ಕಳೆದುಕೊಂಡವರು ಮೊದಲಿನಿಂದ ಶುರು ಮಾಡಿದ ಜಾಗ ಇದು ಅಂತ ಯೋಚಿಸುತ್ತಾ ಕೂತೆ. ಎಲ್ಲರೂ "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಅಂದಾಗ ನನ್ನ ಬಾಯಿಂದಲೂ ಬಂತು. ಒಂದು ಪದವೂ ಮರೆತಿರಲಿಲ್ಲ.

ಮೂರನೇ ವಾರ ಪಾಪನಿವೇದನೆಗೆ ಹೋದೆ. "ಫಾದರ್, ಹನ್ನೊಂದು ವರ್ಷ ಆಯಿತು, ಹೇಗೆ ಶುರು ಮಾಡಬೇಕು ಅನ್ನೋದೇ ಮರೆತಿದೆ" ಅಂದೆ. "ಪರವಾಗಿಲ್ಲಮ್ಮ, ನಾನು ಕೇಳ್ತಾ ಹೋಗ್ತೀನಿ" ಅಂದರು. ಅಷ್ಟೇ. ನೀವು ಅಲ್ಲಿ ಹೇಳಿದ್ದನ್ನು ಗುರುಗಳು ಯಾರ ಹತ್ತಿರವೂ, ಯಾವ ಕಾರಣಕ್ಕೂ ಬಾಯಿ ಬಿಡುವಂತಿಲ್ಲ. ಪ್ರಾಯಶ್ಚಿತ್ತವಾಗಿ ಲೂಕನ 15ನೇ ಅಧ್ಯಾಯ ಓದಲು ಹೇಳಿದರು. ಮನೆ ಬಿಟ್ಟುಹೋದ ಮಗನ ಕತೆ. ಎಷ್ಟೋ ಸಲ ಕೇಳಿದ್ದೆ, ಒಂದು ವಿಷಯ ಗಮನಿಸಿರಲಿಲ್ಲ. ಅಪ್ಪನ ಮುಂದೆ ಏನು ಹೇಳಬೇಕು ಅಂತ ಆ ಮಗ ಮೊದಲೇ ಮಾತು ಜೋಡಿಸಿಕೊಂಡಿರುತ್ತಾನೆ. ನನ್ನನ್ನು ಆಳಾಗಿ ಇಟ್ಟುಕೋ ಅನ್ನುವುದು ಅದರ ಕೊನೆಯ ಮಾತು. ಅದನ್ನು ಹೇಳುವ ಮೊದಲೇ ಅಪ್ಪ ಬಟ್ಟೆ ತನ್ನಿ, ಉಂಗುರ ತನ್ನಿ ಅನ್ನಲು ಶುರು ಮಾಡಿಬಿಡುತ್ತಾನೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಮಗಳು ನಾನು. ಅವತ್ತು ನಿಜವಾಗಿ ಅತ್ತೆ.

ಆಮೇಲಿನ ಎರಡು ವಾರ ತುಂಬಾ ಚೆನ್ನಾಗಿತ್ತು. ನಂತರ ಮತ್ತೆ ಬರಡು. ಇಲ್ಲಿ ಹುಷಾರಾಗಿರಿ. ನೀವು ತೋಟ ಕಂಡವರಾದರೆ ಗೊತ್ತಿರುತ್ತದೆ: ಹೂ ಅರಳಿಸುವ ಹೂಮಳೆ ಬಿದ್ದ ಒಂದೂವರೆ ವಾರದಲ್ಲಿ ಕಾಫಿ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಆದರೆ ಅದಾದ ಮೇಲೆ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ ಅನ್ನುವುದು, ಬರದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತಾರೆ. ನಾನೂ ಹಾಗೇ ಮಾಡಿದೆ. ಮನಸ್ಸು ಇರಲಿ ಬಿಡಲಿ, ಸಂಜೆ ಅಮ್ಮನ ಪಕ್ಕ ಕೂತು ಜಪಸರ ಹಿಡಿದೆ. ಭಾನುವಾರ ನಮ್ಮ ಚರ್ಚಿಗೇ ಹೋದೆ. ಮೆಟ್ಟಿಲಲ್ಲಿ ಒಬ್ಬರು "ಇಷ್ಟು ದಿನ ಎಲ್ಲಿದ್ದೆ?" ಅಂತ ಕೇಳಿಯೇ ಕೇಳಿದರು. "ಬೆಂಗಳೂರಲ್ಲಿದ್ದೆ ಆಂಟಿ" ಅಂದೆ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಆ ವರ್ಷ ತಪಸ್ಸುಕಾಲಕ್ಕೆ ಮೊದಲು ಹನ್ನೊಂದೂ ಗರಿಗಳನ್ನು ನಾನೇ ಕೊಟ್ಟು ಬಂದೆ.

ಇನ್ನು ಪೂರ್ತಿ ನಂಬಿಕೆ ಬರುವವರೆಗೆ ಕಾಯಬೇಕೇ ಅನ್ನುವುದು. ಕಾಯಬೇಡಿ. ಮಾರ್ಕನ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಇದ್ದಾನೆ. ನಂಬುತ್ತೇನೆ, ನನ್ನ ನಂಬಿಕೆ ಸಾಲದು, ಸಹಾಯ ಮಾಡಿ ಎಂದು ಅವನು ಯೇಸುವಿನ ಮುಂದೆ ಕೂಗಿಕೊಳ್ಳುತ್ತಾನೆ. ಮೊದಲು ಪೂರ್ತಿ ನಂಬಿ ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗನನ್ನು ಗುಣ ಮಾಡಿದರು. ಈಗಲೂ ಕೆಲವು ಬೆಳಗ್ಗೆ ನನಗೆ ಅಷ್ಟೇ ಹೇಳಲು ಆಗುವುದು. ಅಷ್ಟನ್ನೇ ಹೇಳಿ ಎದ್ದು ಕೆಲಸಕ್ಕೆ ಹೋಗುತ್ತೇನೆ.