ಪೆಟ್ಟಿಗೆಯಲ್ಲಿರುವ ತಲೆಯನ್ನು ಮೊದಲು ತೋರಿಸಿ

ನಮಸ್ಕಾರ. ‘ಪುರಾನಾ ಮಂದಿರ್’ (1984) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ರಾಮ್ಸೆ ಸೋದರರ ದೆವ್ವದ ಸಿನಿಮಾ ಅಂದರೆ ಮೂಗು ಮುರಿಯುವವರೇ ಜಾಸ್ತಿ, ನೀವು ಹಾಗೆ ಮಾಡಿಲ್ಲ. ಆದರೂ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

“ಸಾಮ್ರಿಯ ರುಂಡವು ಊಳಿಗಮಾನ್ಯ ಪ್ರಜ್ಞೆಯ ಪ್ರತೀಕವಾಗಿದೆ” ಅಂತ ಬರೆದಿದ್ದೀರಿ. ಸಿನಿಮಾ ನೋಡದವರಿಗೆ ಇದರಿಂದ ಏನು ಕಾಣುತ್ತದೆ? ಸಾಮ್ರಿ ಒಬ್ಬ ರಾಕ್ಷಸ. ರಾಜ ಅವನ ತಲೆ ಕಡಿಸುತ್ತಾನೆ. ಮುಂಡವನ್ನು ಹಾಳು ಗುಡಿಯ ಹಿಂದೆ ಹೂಳಿಸುತ್ತಾನೆ. ತಲೆಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ತನ್ನ ಹವೇಲಿಯಲ್ಲೇ ಇಟ್ಟುಕೊಳ್ಳುತ್ತಾನೆ. ಮನೆಯೊಳಗೇ! ಇದೊಂದೂ ನಿಮ್ಮ ಲೇಖನದಲ್ಲಿಲ್ಲ. ಇದನ್ನು ಹೇಳಿದ್ದರೆ ‘ಪ್ರತೀಕ’ ಅನ್ನೋ ಪದವೇ ಬೇಕಿರಲಿಲ್ಲ, ಅಲ್ವಾ?

ಮುಂದಿನ ಸಾಲು: “ನಿರ್ದೇಶಕರು ಸ್ತ್ರೀಶೋಷಣೆಯ ಅರ್ಥವನ್ನು ಜಾಣತನದಿಂದ ಬಚ್ಚಿಟ್ಟಿದ್ದಾರೆ.” ಎಲ್ಲಿ ಬಚ್ಚಿಟ್ಟಿದ್ದಾರೆ? ರಾಜನ ವಂಶದ ಹೆಣ್ಣುಗಳು ಹೆರಿಗೆಯಲ್ಲೇ ಸಾಯಲಿ ಅಂತ ಸಾಮ್ರಿ ಬಾಯಿಬಿಟ್ಟೇ ಶಾಪ ಹಾಕುತ್ತಾನೆ. ಶಿಕ್ಷೆ ಕೊಟ್ಟವನು ರಾಜ, ಸಾಯುವವರು ಹೆಣ್ಣುಮಕ್ಕಳು. ಇನ್ನೂರು ವರ್ಷದ ಮೇಲೆ, ಅದೇ ವಂಶದವನಾದ, ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡ ಠಾಕೂರ್ ಮಗಳ ಪ್ರೀತಿಗೆ ಅಡ್ಡ ನಿಲ್ಲುತ್ತಾನೆ. ಅವನ ಪಾಲಿಗೆ ಮಗಳ ಮದುವೆ ಅಂದರೆ ಅವಳ ಸಾವು. ಎಲ್ಲ ಕಣ್ಣೆದುರಿಗೇ ಇದೆ.

ರಾಮ್ಸೆಗಳು ಈ ಹಾದಿಗೆ ಬಂದದ್ದು ಒಂದು ಸೋಲಿನಿಂದ. 1970ರ ಅವರ ಸಿನಿಮಾ ಓಡಲಿಲ್ಲ. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ದೃಶ್ಯಕ್ಕೆ ಜನ ಬೆಚ್ಚುವುದನ್ನು ಅವರು ಗಮನಿಸಿದರು. ಜನ ಯಾವುದಕ್ಕೆ ಹೆದರುತ್ತಾರೆ ಅನ್ನುವುದೇ ಆಮೇಲೆ ಅವರ ಕಸುಬಾಯಿತು. ಹೆರಿಗೆಗೆ ಹೋದ ಮಗಳು ವಾಪಸ್ ಬರದ ಮನೆಯವರೂ ಆ ಟಾಕೀಸುಗಳಲ್ಲಿ ಕೂತಿದ್ದರು. ಅರ್ಥ ಆ ಭಯದ ಜೊತೆಗೇ ಬಂತು. ಯಾರೂ ಅದನ್ನು ತಂದು ಒಳಗೆ ಹುದುಗಿಸಬೇಕಿರಲಿಲ್ಲ.

ನಾನು ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸತು. ನನ್ನ ಮೊದಲ ಸಿನಿಮಾ ಬರಹದ ತುಂಬ ‘ಸಂಕೇತ’, ‘ರೂಪಕ’. ಹಿರಿಯ ಸಂಪಾದಕರು ಓದಿ ಒಂದೇ ಮಾತು ಕೇಳಿದರು: “ಕೊನೇ ದೃಶ್ಯದಲ್ಲಿ ಆ ತಾಯಿ ಕೈಯಲ್ಲಿ ಏನಿತ್ತಪ್ಪಾ?” ನನಗೆ ಗೊತ್ತಿರಲಿಲ್ಲ. ಸಂಜೆ ಮತ್ತೆ ಟಿಕೆಟ್ ತಗೊಂಡು ಹೋದೆ. ಹಾಲಿನ ಲೋಟ ಇತ್ತು, ಯಾರೂ ಕುಡಿಯದ್ದು. ರಾತ್ರಿ ಕೂತು ಪೂರ್ತಿ ಬೇರೆಯಾಗಿ ಬರೆದೆ.

ಠಾಕೂರ್ ಮಗಳಿಗೆ ಶಾಪದ ಕಥೆ ಹೇಳುವ ದೃಶ್ಯವನ್ನು ಇನ್ನೊಂದು ಸಲ ನೋಡಿ. ಆಗ ಅವಳ ಮುಖದಲ್ಲಿ ಕಂಡದ್ದನ್ನು ಒಂದು ಪುಟ ಬರೆದು ಕಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.